ಬೇಳೆಯ ತಿಳಿ ಸಾಲದು, ಬೇಳೆಯೇ ಬೇಕು

ಆಳಂದದ ಎರೆಹೊಲಗಳು, ಭೀಮಾ ತೀರದ ಅಫಜಲಪುರ ಮತ್ತು ಜೇವರ್ಗಿ ಸೀಮೆಗಳು ತೊಗರಿಗೆ ಹೆಸರಾದ ನೆಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ದೇಶಕ್ಕೆ ಬೇಳೆ ಕಳುಹಿಸುವ ಈ ನೆಲದಲ್ಲಿ ಹುಟ್ಟಿದ ಕೂಸು ಬೇಳೆಯ ಸತ್ವಕ್ಕೆ ಎರವಾಗಬಾರದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಮ್ಮ ಮನೆಯ ಒಲೆಯ ಬಳಿಯೇ ನಿವಾರಿಸಬಹುದಾಗಿದೆ.

ಕೂಸಿಗೆ ಅರಗದೆಂಬ ಅಂಜಿಕೆಯಿಂದ ಬೇಳೆಯ ಮೇಲಿನ ತಿಳಿಯನ್ನಷ್ಟೇ ಬಸಿದು ಕುಡಿಸುವ ವಾಡಿಕೆ ಅನೇಕ ಮನೆಗಳಲ್ಲುಂಟು. ಅದು ಅಕ್ಕರೆಯಿಂದಲೇ ಬಂದದ್ದು. ಆದರೆ ಸಸಾರಜನಕ ಹಾಗೂ ಕಬ್ಬಿಣಾಂಶಗಳ ಬಹುಪಾಲು ಪಾತ್ರೆಯ ತಳದ ಬೇಳೆಯಲ್ಲಿಯೇ ಉಳಿದುಬಿಡುತ್ತದೆ. ಕೂಸಿನ ಹೊಟ್ಟೆ ಪುಟ್ಟದು. ತಿಳಿನೀರಿನಿಂದ ಅದು ತುಂಬಿದರೆ ಅನ್ನಕ್ಕೆ ಎಡೆ ಎಲ್ಲಿ?

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಅನಂತರ ಗರ್ಭದಲ್ಲಿ ಕೂಡಿಟ್ಟುಕೊಂಡ ಕಬ್ಬಿಣಾಂಶ ಕುಗ್ಗುವುದರಿಂದ ಹಾಲಿನೊಡನೆ ಅನ್ನವೂ ಬೇಕು. ಎರಡು ಚಮಚ ಅಕ್ಕಿ ಅಥವಾ ಜೋಳದ ನುಚ್ಚಿಗೆ ಒಂದು ಚಮಚ ಹೆಸರುಬೇಳೆ ಇಲ್ಲವೆ ತೊಗರಿಬೇಳೆ ಸೇರಿಸಿ ತೊಳೆದು, ಸ್ವಲ್ಪ ಹೊತ್ತು ನೆನೆಯಿಡಬೇಕು. ಕುಂಬಳಕಾಯಿ ಅಥವಾ ಗಜ್ಜರಿಯ ಹೋಳನ್ನು ಹಾಕಿ ಮೆತ್ತಗೆ ಬೇಯಿಸಿ, ಬಸಿಯದೆ ನುಣ್ಣಗೆ ಹಿಸುಕಿ, ತುಸು ತುಪ್ಪ ಬೆರೆಸಬೇಕು. ಚಮಚವನ್ನು ಓರೆ ಮಾಡಿದರೂ ಸುರಿದುಹೋಗದಷ್ಟು ಗಟ್ಟಿಯಾಗಿರುವುದೇ ಸರಿಯಾದ ಹದ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಜೇನುತುಪ್ಪಗಳು ಬೇಡ.

ಮೊದಲು ಎರಡು ಮೂರು ಚಮಚ. ಕ್ರಮೇಣ ಅರ್ಧ ಬಟ್ಟಲು. ಎಂಟು ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಮೂರು ಬಾರಿ, ಬಳಿಕ ಮೂರು ನಾಲ್ಕು ಬಾರಿ ಉಣಿಸಬೇಕು. ಹೊಸ ಪದಾರ್ಥವನ್ನು ಒಂದೊಂದಾಗಿಯೇ ರೂಢಿಸಿ, ಎರಡು ಮೂರು ದಿನ ಗಮನಿಸುವುದು ಒಳ್ಳೆಯದು. ಮೆಂತ್ಯೆ, ರಾಜಗಿರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇಳೆಯೊಡನೆ ಬೇಯಿಸಿ, ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೂಡಲು ನೆರವಾಗುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಈ ಮಾತನ್ನು ಮರೆಯಬಾರದು.

ವರ್ಷ ತುಂಬಿದ ಮಗುವಿಗೆ ಬೇರೆ ಅಡಿಗೆ ಬೇಕಿಲ್ಲ. ಖಾರ ಹಾಕುವ ಮುನ್ನವೇ ಅದರ ಪಾಲಿನ ಬೇಳೆ ಪಲ್ಯಗಳನ್ನು ತೆಗೆದಿಟ್ಟು, ಜೋಳದ ರೊಟ್ಟಿಯನ್ನು ಅದರಲ್ಲಿ ನೆನೆಸಿ ಹಿಸುಕಿದರಾಯಿತು. ಇಡೀ ಶೇಂಗಾ, ಕಡಲೆಕಾಳುಗಳು ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಪುಡಿ ಮಾಡಿಯೇ ಕೊಡಬೇಕು. ಕೈಯನ್ನು ಸಾಬೂನಿನಿಂದ ತೊಳೆದು, ಆಗಷ್ಟೇ ಮಾಡಿದ್ದನ್ನು ಉಣಿಸುವುದು ಲೇಸು. ಬೇಸಿಗೆಯ ಬಿಸಿಲಿನಲ್ಲಿ ಬೆಳಗಿನದು ಸಂಜೆಗೆ ಸಲ್ಲದು. ಜ್ವರ, ಭೇದಿಗಳಿದ್ದಾಗಲೂ ಅನ್ನ ನಿಲ್ಲಿಸದೆ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು. ತಾಯಿಹಾಲು ಎರಡು ವರ್ಷ ಹಾಗೂ ಅದರಾಚೆಗೂ ಸಾಗಲಿ. ಊರಿನ ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ನೋಡಿಸಿ, ಅದು ಏರದಿದ್ದರೆ, ಕೂಸು ಬಿಳಿಚಿಕೊಂಡಿದ್ದರೆ ವೈದ್ಯರಿಗೆ ತೋರಿಸಬೇಕು.

ಮನೆಗೆ ಬಂದ ಅತಿಥಿಗೆ ಗಟ್ಟಿ ಬೇಳೆ ಬಡಿಸಿ ಸತ್ಕರಿಸುವವರು ನಾವು. ತೊಟ್ಟಿಲಲ್ಲಿರುವ ಅತಿಥಿಗೆ ಬರಿಯ ತಿಳಿ ಬಡಿಸುವುದು ನಮ್ಮ ದಾಸೋಹದ ನಡೆಗೆ ತಕ್ಕುದಲ್ಲ. ತಾಯಂದಿರೂ ಅಜ್ಜಿಯರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುತ್ತೇವೆ.