ಜಾತ್ರೆ ಕೊಳಲು: ಕೊಳ್ಳೋ ಮುಂಚೆ ಕೇಳಿ

ಜಾತ್ರೇಲಿ ಅಷ್ಟು ಚೆಂದ ನುಡಿದ ಕೊಳಲು,
ಮನೆಗೆ ತಂದ್ರೆ ಯಾಕೆ ಬರೀ ಗಾಳಿ ಬಿಡುತ್ತೆ?

ಖಾಲಿ ಬಾಟಲಿ ಬಾಯಿಗೆ ಊದಿದ್ದೀರಲ್ಲ?
ಉಸಿರು ಅಂಚಿಗೆ ಸರಿಯಾಗಿ ತಾಗಿದ್ರೆ ಮಾತ್ರ
ಭೋಂ ಅನ್ನುತ್ತೆ.
ಅಡ್ಡ ಕೊಳಲೂ ಹಾಗೇ.
ತುಟಿ ಪಳಗೋವರೆಗೂ ಕಾಯಬೇಕು.

ನಮ್ಮ ಮಲೆನಾಡಿಗೆ ಬಿದಿರು ಹೊಸದಲ್ಲ.
ಭದ್ರಾವತಿ ಕಾಗದ ಕಾರ್ಖಾನೆಗೂ ಬಿದಿರೇ ಹೋಗ್ತಿತ್ತು.
ಆದ್ರೆ ಕೊಳಲಿಗೆ ಎಲ್ಲ ಬಿದಿರೂ ಆಗಲ್ಲ.
ಗೋಡೆ ತೆಳುವಾಗಿರಬೇಕು.
ಗೆಣ್ಣಿಂದ ಗೆಣ್ಣಿಗೆ ಉದ್ದ ಇರಬೇಕು.
ಅದನ್ನ ಒಣಗಿಸಿ,
ಕಾದ ಕಬ್ಬಿಣದ ಸರಳಿಂದ ತೂತು ಸುಡ್ತಾರೆ.
ತೂತು ಸ್ವಲ್ಪ ಆಚೀಚೆ ಆಯ್ತೋ,
ಸ್ವರ ಜಾರಿತು!

ಗೋಪಾಳದೋರೇ,
ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೇಲಿ ಕೊಳಲು ಕಂಡ್ರೆ,
ಕೈಗೆ ಸಿಕ್ಕಿದ್ದನ್ನ ತರಬೇಡಿ.
"ಅಣ್ಣ, ಇದನ್ನೇ ನುಡಿಸಿ ತೋರಿಸಿ" ಅನ್ನಿ.
ಎಲ್ಲ ತೂತು ಮುಚ್ಚಿಸಿ,
ಒಂದೊಂದೇ ಬೆರಳು ಎತ್ತಿಸಿ ಕೇಳಿ.
ಬೆಳಕಿಗೆ ಹಿಡಿದು ಸೀಳು ಹುಡುಕಿ.
ಮಕ್ಕಳಿಗಾದ್ರೆ ಗಿಡ್ಡದ್ದು ತಗೊಳ್ಳಿ,
ಬೆರಳು ಎಟುಕುತ್ತೆ.

ಕರ್ನಾಟಕ ಸಂಗೀತದ ಕ್ಲಾಸಿಗಾ?
ಅದಕ್ಕೆ ಬೆರಳಿನ ತೂತೇ 8.
ಶ್ರುತಿ ಯಾವುದು ಅಂತ ಮೇಷ್ಟ್ರನ್ನ ಕೇಳಿ, ಆಮೇಲೆ ಕೊಳ್ಳಿ.

ಬೆಲೆ ಕಮ್ಮಿ ಇರೋ ಕೊಳಲಿಗೆ
ದಯವಿಟ್ಟು ಚೌಕಾಸಿ ಬೇಡ.
ಒಂದೊಂದು ತೂತೂ ಕೈಯಲ್ಲೇ ಸುಟ್ಟಿದ್ದು.

ತಂದ ಮೇಲೆ ಬಿಸಿಲಲ್ಲಿ ಇಡಬೇಡಿ.
ಬಿದಿರು ಸೀಳುತ್ತೆ.