ಎಳೆಯ ತಂದೆತಾಯಿಯರು ಕೂಡಿ ಮಗುವನ್ನು ಬೆಳೆಸುವ ಬಗೆ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಕೇಳದವರು ನಮ್ಮ ಹಳ್ಳಿಗಳಲ್ಲಿ ಇರಲಾರರು. ಇದನ್ನು ಮಾತಿನ ಚಮತ್ಕಾರವೆಂದು ನಕ್ಕು ಬಿಡುವವರೇ ಹೆಚ್ಚು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ತೂಕ ನೋಡುವ ವೈದ್ಯರಿಗೆ ಈ ಗಾದೆ ಅಕ್ಷರಶಃ ಸತ್ಯವಾಗಿ ತೋರುತ್ತದೆ. ತಂದೆತಾಯಿಯರ ನಡುವೆ ಮಾತು ನಿಂತುಹೋದ ಮನೆಯಲ್ಲಿ ಲಸಿಕೆಯ ದಿನ ತಪ್ಪುತ್ತದೆ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಯಾರು ಕರೆದೊಯ್ಯಬೇಕೆಂಬ ಬಗ್ಗೆ ಎರಡು ದಿನ ಕಳೆಯುತ್ತವೆ. ಮನಸ್ಸು ಕೆಟ್ಟ ತಾಯಿ ತಾನೂ ಸರಿಯಾಗಿ ಉಣ್ಣುವುದಿಲ್ಲ, ಮಗುವಿಗೂ ಹೊತ್ತಿಗೆ ಸರಿಯಾಗಿ ಹಾಲೂಡಿಸುವುದಿಲ್ಲ. ಹೀಗಾಗಿ ಬೆಳವಣಿಗೆಯ ನಕ್ಷೆಯಲ್ಲಿ ಮೇಲೇರಬೇಕಾದ ತೂಕದ ಗೆರೆ ಅಡ್ಡಕ್ಕೆ ಸಾಗತೊಡಗುತ್ತದೆ.

ಈ ಮಾತು ಎಲ್ಲ ದಂಪತಿಗಳಿಗೂ ಅನ್ವಯಿಸುವುದಾದರೂ, ಇಪ್ಪತ್ತು ತುಂಬುವ ಮೊದಲೇ ತಾಯಿಯಾದವಳಿಗೂ ಅವಳ ಎಳೆಯ ಪತಿಗೂ ಹೆಚ್ಚಾಗಿ ಅನ್ವಯಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ವಿವಾಹವಾಗಿತ್ತು. 15ರಿಂದ 19ರ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 5 ಮಂದಿ ಆಗಲೇ ತಾಯಂದಿರು ಅಥವಾ ಗರ್ಭಿಣಿಯರಾಗಿದ್ದರು. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬುವ ಮೊದಲು ವಿವಾಹ ಮಾಡುವುದು ಕಾನೂನಿಗೆ ವಿರುದ್ಧವೆಂಬುದು ಎಲ್ಲರಿಗೂ ತಿಳಿದ ವಿಷಯ. ಮೊದಲ ಗರ್ಭಕ್ಕೆ ತಾಯಿಗೆ 20 ವರ್ಷವಾದರೂ ತುಂಬಿರಲಿ ಎಂಬುದು ವೈದ್ಯರ ಸಲಹೆ. ಆದರೂ ಈಗಾಗಲೇ ಮಗುವನ್ನು ಮಡಿಲಲ್ಲಿಟ್ಟುಕೊಂಡಿರುವ ಎಳೆಯರಿಗೆ ಹೀಗಾಗಬಾರದಿತ್ತೆಂದು ಹೇಳುತ್ತ ಕುಳಿತರೆ ಆ ಮಗುವಿಗೆ ಯಾವ ಪ್ರಯೋಜನವೂ ಇಲ್ಲ. ಅವರು ಇನ್ನು ಮುಂದೆ ಹೇಗೆ ನಡೆದುಕೊಳ್ಳಬೇಕು, ಮನೆಯ ಹಿರಿಯರು ಹೇಗೆ ಬೆಂಬಲ ನೀಡಬೇಕು ಎಂಬುದೇ ಈ ಲೇಖನದ ವಿಷಯ.

ಎಳೆಯ ವಯಸ್ಸಿನ ಕಷ್ಟ

ಹದಿನೇಳು ಹದಿನೆಂಟರ ಹುಡುಗಿಯ ಶರೀರ ಇನ್ನೂ ಬೆಳೆಯುತ್ತಿರುತ್ತದೆ. ಅವಳು ಉಂಡ ಆಹಾರದಲ್ಲಿ ಅವಳ ಬೆಳವಣಿಗೆಗೂ ಪಾಲು ಸಲ್ಲಬೇಕು, ಗರ್ಭದ ಶಿಶುವಿಗೂ ಸಲ್ಲಬೇಕು. ಆದ್ದರಿಂದ ಇಂಥ ತಾಯಂದಿರಲ್ಲಿ ರಕ್ತಹೀನತೆ ಹೆಚ್ಚು. ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ, ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಗುವುದೂ ಹೆಚ್ಚು. ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಬಿಡದೆ ನುಂಗಬೇಕೆಂದು ನಾವು ಒತ್ತಾಯಿಸುವುದು ಇದೇ ಕಾರಣಕ್ಕಾಗಿ.

ಮನಸ್ಸಿನ ವಿಷಯವೂ ಹೀಗೆಯೇ. ಕೋಪವನ್ನು ತಡೆದುಕೊಳ್ಳುವ, ಮುಂದಾಲೋಚನೆ ಮಾಡುವ ಮಿದುಳಿನ ಭಾಗಗಳು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತವೆ. ಆದುದರಿಂದ ಎಳೆಯ ತಂದೆ ಸಣ್ಣ ಮಾತಿಗೆ ರೇಗಿ ಹೊರಗೆ ಹೋಗುವುದನ್ನೂ, ಎಳೆಯ ತಾಯಿ ಅತ್ತು ಬಾಗಿಲು ಹಾಕಿಕೊಳ್ಳುವುದನ್ನೂ ದುರ್ಗುಣವೆಂದು ತೀರ್ಮಾನಿಸಬಾರದು. ಅವರು ಕಲಿಯಬಲ್ಲರು, ಹಿರಿಯರಿಗಿಂತ ಬೇಗನೆ ಕಲಿಯಬಲ್ಲರು ಎಂಬುದು ನನ್ನ ಅನುಭವ. ಮಗುವಿನ ವಿಷಯದಲ್ಲಿ ನಮಗೇನೂ ತಿಳಿಯದೆಂದು ಅವರೇ ನಂಬಿಬಿಟ್ಟರೆ ಮಾತ್ರ ಕಲಿಕೆ ನಿಲ್ಲುತ್ತದೆ.

ಬಾಣಂತನದ ತಿಂಗಳುಗಳು

ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ನಮ್ಮಲ್ಲಿ ಬಹುಕಾಲದ ಪದ್ಧತಿ. ಮೂರು ತಿಂಗಳು, ಐದು ತಿಂಗಳು, ಕೆಲವೆಡೆ ಅದಕ್ಕೂ ಹೆಚ್ಚು ಕಾಲ ಬಾಣಂತಿ ಅಲ್ಲಿಯೇ ಇರುತ್ತಾಳೆ. ಹೆತ್ತ ತಾಯಿಯ ಕೈಯ ಊಟ, ಸಲಿಗೆ, ವಿಶ್ರಾಂತಿ ಇವೆಲ್ಲ ದೊರೆಯುವ ಈ ಪದ್ಧತಿಯನ್ನು ಬಿಡಬೇಕಾಗಿಲ್ಲ. ಆದರೆ ಇದರಲ್ಲಿ ಒಂದು ಕೊರತೆಯಿದೆ. ಆ ತಿಂಗಳುಗಳಲ್ಲಿ ಮಗುವಿನ ತಂದೆ ಕೇವಲ ನೆಂಟ. ಹಬ್ಬಕ್ಕೆ ಬರುತ್ತಾನೆ, ಪಡಸಾಲೆಯಲ್ಲಿ ಕೂರುತ್ತಾನೆ, ಮಗುವನ್ನು ತಂದು ತೋರಿಸುತ್ತಾರೆ, ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಡುತ್ತಾನೆ. ಐದು ತಿಂಗಳ ನಂತರ ಮನೆಗೆ ಬಂದ ಮಗು ಅವನ ಮುಖ ಕಂಡು ಅಳುತ್ತದೆ. ಇದು ಹೆಂಗಸರ ಕೆಲಸವೆಂದು ಅವನೂ ದೂರ ಸರಿಯುತ್ತಾನೆ. ಎಲ್ಲವನ್ನೂ ತನ್ನ ತಾಯಿಯೊಡನೆಯೇ ಮಾಡಿ ರೂಢಿಯಾದ ಪತ್ನಿಗೂ ಗಂಡನನ್ನು ಸಹಾಯಕ್ಕೆ ಕರೆಯಬೇಕೆಂದು ಹೊಳೆಯುವುದಿಲ್ಲ. ಜಗಳದ ಬೀಜ ಅನೇಕ ಮನೆಗಳಲ್ಲಿ ಇಲ್ಲಿಯೇ ಬೀಳುತ್ತದೆ.

ಇದಕ್ಕೆ ಸುಲಭವಾದ ಉಪಾಯವುಂಟು. ಮಗುವಿಗೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆ ಹಾಕಿಸಬೇಕಾಗುತ್ತದೆ. ಈ ದಿನಾಂಕಗಳನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಈ ಮೂರು ದಿನಗಳನ್ನು ತಂದೆಯು ತನ್ನವೆಂದು ಇಟ್ಟುಕೊಳ್ಳಲಿ. ಒಂದು ದಿನದ ಕೂಲಿ ಹೋದರೂ ಸರಿಯೇ, ಹಿಂದಿನ ಸಂಜೆ ಪತ್ನಿಯ ತವರಿಗೆ ಹೋಗಿ, ಮರುದಿನ ತಾನೇ ಮಗುವನ್ನು ಎತ್ತಿಕೊಂಡು ಲಸಿಕೆಗೆ ಹೋಗಲಿ. ಲಸಿಕೆಯ ನಂತರ ಜ್ವರ ಬರಬಹುದು, ಅದಕ್ಕೆ ಹೆದರಬೇಕಾಗಿಲ್ಲ, ಔಷಧಿ ಎಷ್ಟು ಹನಿ ಎಂಬುದನ್ನೆಲ್ಲ ಆರೋಗ್ಯ ಸಹಾಯಕಿಯ ಬಾಯಿಂದ ತಾನೇ ಕೇಳಲಿ. ಆ ರಾತ್ರಿ ಮಗು ಅತ್ತಾಗ ಎತ್ತಿ ಆಡಿಸುವ ಸರದಿಯೂ ಅವನದಾಗಲಿ. ಮಗುವಿನ ಅಜ್ಜಿಯಾದವರು ಅಳಿಯನನ್ನು ಪಡಸಾಲೆಯಲ್ಲಿ ಕೂರಿಸಿ ಉಪಚರಿಸುವ ಬದಲು ಒಳಗೆ ಕರೆದು ಮಗುವನ್ನು ಕೈಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ.

ಆಶಾ ಕಾರ್ಯಕರ್ತೆಯು ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರುತ್ತಾರೆ. ಇವುಗಳಲ್ಲಿ ಒಂದೆರಡು ಭೇಟಿಗಳಿಗಾದರೂ ತಂದೆ ಹಾಜರಿರುವುದು ಒಳ್ಳೆಯದು. ದೂರದ ಊರಿಗೆ ದುಡಿಯಲು ಹೋದವರು ದೂರವಾಣಿಯಲ್ಲಿ ಮಗು ಚೆನ್ನಾಗಿದೆಯೇ ಎಂದಷ್ಟೇ ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು ಇಂದು ಎಷ್ಟು ಬಾರಿ ಮೂತ್ರ ಮಾಡಿತು ಎಂದು ಕೇಳಲಿ. ಮೊದಲ ವಾರ ಕಳೆದ ಮೇಲೆ, ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆ ಎಂದರ್ಥ. ಹೀಗೆ ಕೇಳುವ ಗಂಡನನ್ನು ಪತ್ನಿ ತನ್ನ ಜೊತೆಯವನೆಂದು ತಿಳಿಯುತ್ತಾಳೆ.

ತಂದೆಯ ಕೈಯಲ್ಲಿ ಆಗುವ ಕೆಲಸ

ಎದೆಹಾಲೂಡಿಸುವುದೊಂದನ್ನು ಬಿಟ್ಟರೆ ಮಗುವಿನ ಯಾವ ಕೆಲಸವೂ ತಂದೆಗೆ ಅಸಾಧ್ಯವಲ್ಲ. ಹಾಲು ಕುಡಿದ ಮಗುವನ್ನು ಹೆಗಲಿಗೆ ಒರಗಿಸಿ ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ತೊಟ್ಟಿಲು ತೂಗುವುದು ಇವನ್ನೆಲ್ಲ ಮಾಡಬಹುದು. ಗಂಡಸು ಕೂಸನ್ನು ಎತ್ತಿಕೊಂಡು ಬೀದಿಯಲ್ಲಿ ನಿಂತರೆ ನಗುವವರು ಇದ್ದಾರೆ. ನಗಲಿ, ಅವರಿಗೂ ರೂಢಿಯಾಗುತ್ತದೆ.

ತಂದೆಯ ಮೈಯ ಶಾಖ ಎಷ್ಟು ಉಪಯುಕ್ತವೆಂಬುದಕ್ಕೆ ಒಂದು ಪ್ರಸಂಗ. ಹತ್ತೊಂಬತ್ತರ ತಾಯಿಯೊಬ್ಬಳಿಗೆ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿ ಎರಡು ಕಿಲೋ ತೂಕದ ಹೆಣ್ಣು ಮಗು ಹುಟ್ಟಿತು. ಇಂಥ ಮಗುವಿನ ಮೈ ಬೇಗ ತಣ್ಣಗಾಗುತ್ತದೆ. ಅದನ್ನು ಬರಿಮೈಯಲ್ಲಿ, ತಲೆಗೆ ಕುಲಾವಿ ಹಾಕಿ, ದೊಡ್ಡವರ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ನೇರವಾಗಿ ಇಟ್ಟು ಮೇಲೆ ಬಟ್ಟೆ ಸುತ್ತುವ ಪದ್ಧತಿಗೆ ಕಾಂಗರೂ ಆರೈಕೆ ಎಂದು ಹೆಸರು. ಒಂದು ಸಲ ಇಟ್ಟರೆ ಕನಿಷ್ಠ ಒಂದು ಗಂಟೆ ಹಾಗೆಯೇ ಇರಬೇಕು. ತಾಯಿ ಹೊಲಿಗೆಯ ನೋವಿನಲ್ಲಿ ಮಲಗಿದ್ದಳು. ಇಪ್ಪತ್ತೆರಡರ ತಂದೆ ಮೊದಲು ನಾಚಿಕೊಂಡರೂ ಅಂಗಿ ಬಿಚ್ಚಿ ಕುಳಿತ. ಮೂರನೆಯ ದಿನಕ್ಕೆ, ಮಗು ಹಸಿದಿದೆಯೋ ನಿದ್ದೆಗೆ ಅಳುತ್ತಿದೆಯೋ ಎಂಬುದನ್ನು ಅವನೇ ಗುರುತಿಸಿ ತಾಯಿಗೆ ಹೇಳುತ್ತಿದ್ದ. ಅವನಿಗೆ ನಾವು ಯಾವ ಉಪದೇಶವನ್ನೂ ಮಾಡಿರಲಿಲ್ಲ.

ಇಲ್ಲಿಯೇ ಅಳುವಿನ ವಿಷಯವನ್ನೂ ಹೇಳಬೇಕು. ಆರೋಗ್ಯವಂತ ಶಿಶುವಿನ ಅಳು ಹುಟ್ಟಿದ ಎರಡನೆಯ ವಾರದಿಂದ ಹೆಚ್ಚುತ್ತ ಹೋಗಿ, ಸುಮಾರು ಆರನೆಯ ವಾರದಲ್ಲಿ ಅತಿಯಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇದು ತಿಳಿಯದ ಎಳೆಯ ದಂಪತಿಗಳು ಒಬ್ಬರನ್ನೊಬ್ಬರು ದೂರುತ್ತಾರೆ. ರೇಗಿದಾಗ ಮಗುವನ್ನು ಎಂದಿಗೂ ಜೋರಾಗಿ ಅಲುಗಾಡಿಸಬಾರದು. ಅದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ಸಹನೆ ತೀರಿತೆಂದು ಅನಿಸಿದವರು ನನ್ನ ಕೈಲಿ ಆಗುತ್ತಿಲ್ಲ, ನೀನು ಹಿಡಿದುಕೋ ಎಂದು ಹೇಳಿ ಮಗುವನ್ನು ಇನ್ನೊಬ್ಬರಿಗೆ ಕೊಡಬೇಕು. ಹಾಗೆ ಹೇಳುವುದು ಸೋಲಲ್ಲ. ಮಗು ಹಾಲು ಕುಡಿಯದಿದ್ದರೆ, ಜ್ವರವಿದ್ದರೆ ಅಥವಾ ಮಂಕಾಗಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ತರಬೇಕು.

ಹಿರಿಯರ ಸ್ಥಾನ

ಅಜ್ಜಿಯರಿಲ್ಲದೆ ನಮ್ಮ ಮಕ್ಕಳು ಬೆಳೆಯಲಾರವು. ಆದರೆ ಹುಟ್ಟಿದ ಕೂಡಲೇ ಜೇನುತುಪ್ಪ, ಹರಳೆಣ್ಣೆ ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು, ಬಾಣಂತಿಗೆ ನೀರನ್ನೂ ಬೇಳೆ ತರಕಾರಿಗಳನ್ನೂ ಕಡಿಮೆ ಮಾಡುವುದು ಇಂದಿಗೂ ಉಳಿದಿವೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲನ್ನು ಬಿಟ್ಟು ನೀರು ಸಹ ಬೇಡ. ಬಾಣಂತಿಗೆ ಎಲ್ಲ ಬಗೆಯ ಆಹಾರವೂ ಧಾರಾಳವಾಗಿ ನೀರೂ ಬೇಕು. ಇದನ್ನು ಎಳೆಯ ಸೊಸೆ ಅತ್ತೆಗೆ ಹೇಳಿದರೆ ಎದುರುತ್ತರವಾಗುತ್ತದೆ. ಅಳಿಯ ಹೇಳಿದರೆ ಬೀಗರ ನಡುವೆ ಮನಸ್ತಾಪ. ಆದ್ದರಿಂದ ದಂಪತಿಗಳು ಹೆರಿಗೆಗೆ ಮೊದಲೇ ಇಬ್ಬರೂ ಕುಳಿತು ತೀರ್ಮಾನಿಸಿಕೊಂಡು, ಗಂಡ ತನ್ನ ತಾಯಿಗೆ ತಾನೇ ಹೇಳಬೇಕು, ಹೆಂಡತಿ ತನ್ನ ತಾಯಿಗೆ ತಾನೇ ಹೇಳಬೇಕು. “ಅವ್ವಾ, ಆರು ತಿಂಗಳು ಹಾಲಲ್ಲದೆ ಬೇರೇನೂ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ, ಬೈಯುವುದಾದರೆ ಅವರನ್ನೇ ಬೈಯಿ” ಎಂದರೆ ಸಾಕು. ಬೈಸಿಕೊಳ್ಳಲು ನಾವಿದ್ದೇವೆ.

ಹಿರಿಯರಲ್ಲಿಯೂ ಒಂದು ವಿನಂತಿ. ಮಗನ ದುಡಿಮೆಯೆಲ್ಲ ತಂದೆಯ ಕೈಸೇರುವ ಮನೆಗಳಲ್ಲಿ, ಮಗುವಿಗೆ ಜ್ವರ ಬಂದ ರಾತ್ರಿ ಬಸ್ಸಿನ ಖರ್ಚಿಗೂ ಅವನು ಕೈಚಾಚಿ ನಿಲ್ಲಬೇಕಾಗುತ್ತದೆ. ಮಗುವಿನ ಔಷಧೋಪಚಾರಕ್ಕೆಂದು ಒಂದಿಷ್ಟು ಹಣ ಆ ದಂಪತಿಗಳ ಕೈಯಲ್ಲಿಯೇ ಇರಲಿ. ಅವರ ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸದಿರಿ. ಸೊಸೆಯ ಮೇಲಿನ ದೂರನ್ನು ಮಗನಿಗೆ, ಅಳಿಯನ ಮೇಲಿನ ದೂರನ್ನು ಮಗಳಿಗೆ ಮುಟ್ಟಿಸುವುದರಿಂದ ಯಾರಿಗೂ ಉಪಕಾರವಿಲ್ಲ.

ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಮೀರಿದರೂ ನಿದ್ದೆಯಿಲ್ಲದೆ, ಮಗುವಿನ ಮೇಲೂ ಮನಸ್ಸಿಲ್ಲದೆ, ಸಾಯಬೇಕೆನ್ನುವಷ್ಟು ಖಿನ್ನತೆಯಿದ್ದರೆ ಅದು ಗಾಳಿಯೂ ಅಲ್ಲ, ಸೋಮಾರಿತನವೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಇದನ್ನು ಮೊದಲು ಕಾಣಬಲ್ಲವನು ಗಂಡ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಬಹುದು.

ಬೇರೆಯಾಗಿ ಇರುವವರು

ಕೆಲವು ದಂಪತಿಗಳು ಒಟ್ಟಿಗೆ ಬಾಳಲಾರದೆ ಬೇರೆಯಾಗುತ್ತಾರೆ. ಇನ್ನು ಕೆಲವರನ್ನು ಕಾನೂನಿನ ಪ್ರಕರಣ ಬೇರೆಮಾಡುತ್ತದೆ. 18 ತುಂಬದ ಹುಡುಗಿ ಗರ್ಭಿಣಿಯೆಂದು ತಿಳಿದಾಗ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯಿದೆಯಂತೆ ವೈದ್ಯರ ಕರ್ತವ್ಯ. ಇದಕ್ಕೆ ಹೆದರಿ ಗರ್ಭವನ್ನು ಮುಚ್ಚಿಟ್ಟು ತಪಾಸಣೆಯನ್ನೇ ತಪ್ಪಿಸುವವರಿದ್ದಾರೆ. ಅದರ ಫಲವನ್ನು ರಕ್ತಹೀನತೆಯಾಗಿ, ನಂಜಾಗಿ ಅನುಭವಿಸುವವಳು ಆ ಹುಡುಗಿಯೇ. ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ ನಿರಾಕರಿಸುವಂತಿಲ್ಲ. ಬಾಲ್ಯವಿವಾಹ ರದ್ದಾದರೂ ಅದರಿಂದ ಹುಟ್ಟಿದ ಮಗು ಎಲ್ಲ ದೃಷ್ಟಿಯಿಂದಲೂ ನ್ಯಾಯಬದ್ಧ ಸಂತಾನವೆಂದು 2006ರ ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಮಗು ಯಾರ ವಶದಲ್ಲಿರಬೇಕೆಂಬುದನ್ನು ಅದರ ಹಿತವನ್ನೇ ಮುಖ್ಯವಾಗಿಟ್ಟು ನ್ಯಾಯಾಲಯ ನಿರ್ಧರಿಸುತ್ತದೆ.

ಪತಿಪತ್ನಿಯರ ಸಂಬಂಧ ಮುಗಿದರೂ ತಂದೆತಾಯಿಯರ ಸಂಬಂಧ ಮುಗಿಯದು. ಮಗುವಿನ ಖರ್ಚು ತಪ್ಪದೆ ತಲುಪಬೇಕು. ತಾಯಿಗೆ ಅಪಾಯವಿಲ್ಲದಿದ್ದರೆ ಮಗುವನ್ನು ತಂದೆಗೆ ತೋರಿಸುವುದನ್ನು ಹಣದ ಚೌಕಾಸಿಗೆ ಬಳಸಬಾರದು. ಹೊಡೆತ ಬಡಿತವಿರುವ ಕಡೆ ಮಾತ್ರ ಈ ಹೊಂದಾಣಿಕೆಯ ಮಾತು ಸಲ್ಲದು. ಅಲ್ಲಿ ತಾಯಿಯ ಮತ್ತು ಮಗುವಿನ ರಕ್ಷಣೆಯೇ ಮೊದಲು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಮುಂದಿನ ಮಗು

ಮೊದಲ ಮಗು ನಡೆಯುವ ಮುನ್ನವೇ ಎರಡನೆಯ ಗರ್ಭ ನಿಂತರೆ ಮೇಲೆ ಹೇಳಿದ್ದೆಲ್ಲವೂ ವ್ಯರ್ಥವಾಗುತ್ತದೆ. ಎರಡು ಮಕ್ಕಳ ನಡುವೆ ಮೂರು ವರ್ಷದ ಅಂತರವಿರಲಿ. ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ವಂಕಿ ಹಾಕಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರ ಚುಚ್ಚುಮದ್ದು ಹಾಗೂ ಛಾಯಾ ಮಾತ್ರೆ ಎದೆಹಾಲೂಡಿಸುವ ತಾಯಂದಿರಿಗೂ ಹೊಂದುತ್ತವೆ. ಚುಚ್ಚುಮದ್ದನ್ನು ಹೆರಿಗೆಯಾದ ಆರು ವಾರಗಳ ನಂತರ ಆರಂಭಿಸಲಾಗುತ್ತದೆ. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡರಂತೆ, ಆಮೇಲೆ ವಾರಕ್ಕೊಂದರಂತೆ ನುಂಗಬೇಕು. ನಿರೋಧ್ ಬಳಕೆ ಪತಿಯ ಜವಾಬ್ದಾರಿ. ಶಾಶ್ವತ ಶಸ್ತ್ರಚಿಕಿತ್ಸೆಗೆ ಸ್ತ್ರೀಯರಿಗೆ 22 ವರ್ಷವಾದರೂ ತುಂಬಿರಬೇಕೆಂಬ ನಿಯಮವಿದೆ; ಆಗಲೂ ಅವಸರ ಬೇಡವೆಂದೇ ನನ್ನ ಸಲಹೆ. ಯಾವ ವಿಧಾನವಾದರೂ ಇಬ್ಬರೂ ಕೂಡಿಯೇ ಬಂದು ಕೇಳಿರಿ. ಹಳ್ಳಿಗಳಲ್ಲಿ ಲಸಿಕೆಯ ದಿನ ಸಾಮಾನ್ಯವಾಗಿ ಗುರುವಾರ. ಮಗುವಿನ ಲಸಿಕೆಗೆಂದು ಬಂದ ದಿನವೇ ಆರೋಗ್ಯ ಸಹಾಯಕಿಯನ್ನು ಈ ವಿಷಯವಾಗಿಯೂ ವಿಚಾರಿಸಬಹುದು.