ಭೂಮಿಯನ್ನು ಒಂದಾಗಿ ಓದುವ ವಿದ್ಯೆ: ವಾಯುಗುಣ ವಿಜ್ಞಾನದ ಸಂಶೋಧನಾ ವ್ಯಾಸಂಗ



ನಮ್ಮ ಮನೆಗಳಲ್ಲಿ ಮಕ್ಕಳ ಉನ್ನತ ವ್ಯಾಸಂಗದ ಮಾತು ಬಂದಾಗ ವೈದ್ಯಕೀಯ, ಎಂಜಿನಿಯರಿಂಗ್, ಕಂಪ್ಯೂಟರ್ ಎಂಬ ಹೆಸರುಗಳೇ ಮೊದಲು ಕೇಳಿಬರುತ್ತವೆ. ಮಗನೋ ಮಗಳೋ ವಾಯುಗುಣ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವೆನೆಂದರೆ ತಂದೆತಾಯಿಗಳಲ್ಲಿ ಎರಡು ಸಂದೇಹಗಳು ಏಳುವುದು ಸಹಜ. ಇದು ಎಂತಹ ವಿದ್ಯೆ? ಇದರಿಂದ ಜೀವನ ನಡೆದೀತೆ? ಈ ಎರಡನ್ನೂ ವಿಚಾರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ನಾಳೆ ಮಳೆ ಬಂದೀತೆ ಎಂಬುದು ಹವೆಯ ಪ್ರಶ್ನೆ. ಹಲವು ದಶಕಗಳ ಅವಧಿಯಲ್ಲಿ ಒಂದು ಪ್ರದೇಶದ ಮಳೆ, ಬಿಸಿಲು, ಚಳಿಗಳ ನಡತೆ ಹೇಗಿದೆ, ಅದು ಏಕೆ ಬದಲಾಗುತ್ತದೆ ಎಂಬುದು ವಾಯುಗುಣದ ಪ್ರಶ್ನೆ. ಇದಕ್ಕೆ ಆಕಾಶವೊಂದನ್ನೇ ನೋಡಿದರೆ ಸಾಲದು. ಕಡಲು, ಹಿಮ, ಮಣ್ಣು, ಕಾಡು, ಮನುಷ್ಯನ ಕಾರ್ಖಾನೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಈ ಹೆಣಿಗೆಯನ್ನೇ ವಿಜ್ಞಾನಿಗಳು ಭೂವ್ಯವಸ್ಥೆ ಎಂದು ಕರೆಯುತ್ತಾರೆ.

ನಮ್ಮ ಡೆಸ್ ಪ್ಲೇನ್ಸ್ ನದಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿಯುವ ಈ ನದಿ 1986ರಲ್ಲಿಯೂ 2013ರಲ್ಲಿಯೂ ದಡ ಮೀರಿ ಬಡಾವಣೆಗಳಿಗೆ ನುಗ್ಗಿತು. 1987ರ ಆಗಸ್ಟ್‌ನಲ್ಲಿ ಓ'ಹೇರ್ ವಿಮಾನ ನಿಲ್ದಾಣದಲ್ಲಿ 24 ಗಂಟೆಗಳೊಳಗೆ 9 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲದು; ಇದು ಭೌತಶಾಸ್ತ್ರ. ಇಲ್ಲಿನ ಮಳೆಯ ತೇವ ಬಹುಮಟ್ಟಿಗೆ ದೂರದ ಮೆಕ್ಸಿಕೋ ಕೊಲ್ಲಿಯಿಂದ ಬರುತ್ತದೆ; ಇದು ಸಾಗರವಿಜ್ಞಾನ. ಕಾಂಕ್ರೀಟು ಹಾಸಿದ ನೆಲ ನೀರನ್ನು ಹೀರದು; ಇದು ನಗರ ನಿರ್ಮಾಣ. ಹಾಗೆಯೇ 1995ರ ಜುಲೈನಲ್ಲಿ ಷಿಕಾಗೋ ನಗರದಲ್ಲಿ ಬಿಸಿಗಾಳಿಯಿಂದ 700ಕ್ಕೂ ಹೆಚ್ಚು ಜನ ತೀರಿಕೊಂಡಾಗ, ಸತ್ತವರಲ್ಲಿ ಬಹಳ ಮಂದಿ ಒಂಟಿಯಾಗಿ ಬಾಳುತ್ತಿದ್ದ ವೃದ್ಧರು. ಆ ದುರಂತವನ್ನು ಉಷ್ಣಮಾಪಕವೊಂದೇ ವಿವರಿಸಲಾರದು. ಷಿಕಾಗೋ ವಿಶ್ವವಿದ್ಯಾಲಯ 1961ರಷ್ಟು ಹಿಂದೆಯೇ ತನ್ನ ಹವಾಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ ವಿಭಾಗಗಳನ್ನು ಕೂಡಿಸಿ ಒಂದೇ ವಿಭಾಗವನ್ನಾಗಿಸಿದ್ದು ಈ ದೃಷ್ಟಿಯಿಂದ ಗಮನಾರ್ಹ.

ಈ ಕ್ಷೇತ್ರಕ್ಕೆ ಬರುವವರು ಮೊದಲಿನಿಂದಲೂ ಇದನ್ನೇ ಓದಿರಬೇಕೆಂಬ ನಿಯಮವಿಲ್ಲ. ಬಾಲ್ಯದಲ್ಲಿ ಕುಟುಂಬದೊಡನೆ ಬೆಂಗಳೂರಿಗೆ ಬಂದ ವೀರಭದ್ರನ್ ರಾಮನಾಥನ್ ಅವರು ಎಂಜಿನಿಯರಿಂಗ್ ಪದವಿಯ ಬಳಿಕ ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ ಶೀತಕ ಅನಿಲದ ಸೋರಿಕೆಯನ್ನು ತಡೆಯುವ ಕೆಲಸದಲ್ಲಿದ್ದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಬಂದರು. ಇಲ್ಲಿ ಮಾರ್ಗದರ್ಶಕರು ಸಂಶೋಧನೆಯ ವಿಷಯವನ್ನೇ ಬದಲಿಸಿದ್ದರಿಂದ ಗ್ರಹಗಳ ವಾಯುಮಂಡಲವನ್ನು ಅಭ್ಯಾಸ ಮಾಡಿ 1974ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ, ತಾವು ಹಿಂದೆ ಕಾರ್ಖಾನೆಯಲ್ಲಿ ಕಂಡಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಪ್ರಬಲವಾಗಿ ಶಾಖವನ್ನು ಹಿಡಿದಿಡುತ್ತವೆಂದು ತೋರಿಸಿಕೊಟ್ಟರು. 1986ರಿಂದ 1990ರವರೆಗೆ ಅವರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮೋಡಗಳು ಒಟ್ಟಿನಲ್ಲಿ ಭೂಮಿಯನ್ನು ತಂಪಾಗಿಸುತ್ತವೆ ಎಂಬುದನ್ನು ಉಪಗ್ರಹದ ಮಾಪನಗಳಿಂದ ಅವರ ತಂಡ 1989ರಲ್ಲಿ ಪ್ರಕಟಿಸಿತು.

ಇನ್ನು, ಈ ವಿದ್ಯೆ ಹೊಲಕ್ಕೂ ಇಳಿಯಬಲ್ಲದೆಂಬುದಕ್ಕೆ ಸುಲೋಚನಾ ಗಾಡ್ಗೀಳ್ ಅವರು ಸಾಕ್ಷಿ. ಹಾರ್ವರ್ಡ್‌ನಲ್ಲಿ ಗಣಿತದ ಹಾದಿಯಿಂದ ಡಾಕ್ಟರೇಟ್ ಪಡೆದು ಭಾರತಕ್ಕೆ ಮರಳಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ವಿಜ್ಞಾನ ಕೇಂದ್ರವನ್ನು ಬೆಳೆಸಿದವರಲ್ಲಿ ಪ್ರಮುಖರು. ಮುಂಗಾರಿನ ಮೋಡಗಳ ಸಾಲು ಹಿಂದೂ ಮಹಾಸಾಗರದಿಂದ ಉತ್ತರಕ್ಕೆ ಸರಿಯುವ ಕ್ರಮವನ್ನು ಅವರು ಡಿ. ಆರ್. ಸಿಕ್ಕಾ ಅವರೊಡನೆ 1980ರಲ್ಲಿ ವಿವರಿಸಿದರು. ಮುಂದೆ ಅವರ ತಂಡ ಪಾವಗಡ–ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಬೆಳೆಗೆ ಯಾವಾಗ ಬಿತ್ತಿದರೆ ನಷ್ಟದ ಭಯ ಕಡಿಮೆ ಎಂಬುದನ್ನು, ಹಳೆಯ ಮಳೆ ಲೆಕ್ಕಗಳನ್ನೂ ರೈತರ ಅನುಭವವನ್ನೂ ಜೊತೆಗಿಟ್ಟು ವಿಚಾರಿಸಿತು.

ಈಗ ವ್ಯಾಸಂಗದ ಕ್ರಮಕ್ಕೆ ಬರೋಣ. ಅಮೆರಿಕದಲ್ಲಿ ಈ ಪಿಎಚ್.ಡಿ.ಗೆ ಸಾಮಾನ್ಯವಾಗಿ ಐದಾರು ವರ್ಷ ಹಿಡಿಯುತ್ತದೆ. ಮೊದಲೆರಡು ವರ್ಷ ತರಗತಿಗಳು, ಅರ್ಹತಾ ಪರೀಕ್ಷೆ; ಬಳಿಕ ಒಂದು ಪ್ರಶ್ನೆಯ ಬೆನ್ನು ಹತ್ತಿ ಮಹಾಪ್ರಬಂಧ. ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಭದ್ರವಾಗಿರಬೇಕು. ಬಹುತೇಕ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬೋಧನಾ ಅಥವಾ ಸಂಶೋಧನಾ ಸಹಾಯಕತ್ವದ ಮೂಲಕ ಶುಲ್ಕ ವಿನಾಯಿತಿಯೂ ಮಾಸಿಕ ವೇತನವೂ ದೊರೆಯುತ್ತವೆ, ಎಂ.ಎಸ್. ಪದವಿಗೆ ಹೆಚ್ಚಾಗಿ ಕೈಯಿಂದಲೇ ಹಣ ಕಟ್ಟಬೇಕು. ನ್ಯಾಷನಲ್ ಸೈನ್ಸ್ ಫೌಂಡೇಶನ್ ನೀಡುವ ಪದವೀಧರ ಫೆಲೋಶಿಪ್ ಅಮೆರಿಕದ ನಾಗರಿಕರಿಗೆ ಹಾಗೂ ಖಾಯಂ ನಿವಾಸಿಗಳಿಗೆ ಮಾತ್ರ ಮೀಸಲು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇದನ್ನು ಮರೆಯಬಾರದು.

ಕಷ್ಟವನ್ನೂ ಮುಚ್ಚಿಡಬಾರದು. 2025ರಲ್ಲಿ ಒಕ್ಕೂಟ ಸರ್ಕಾರದ ಸಂಶೋಧನಾ ಅನುದಾನಗಳು ಮೊಟಕುಗೊಂಡು ಅನೇಕ ಪ್ರಯೋಗಾಲಯಗಳು ತತ್ತರಿಸಿದವು. ಆದುದರಿಂದ ಪ್ರವೇಶಕ್ಕೆ ಒಪ್ಪುವ ಮುನ್ನ ಮೂರು ಮಾತುಗಳನ್ನು ಕೇಳಿ ತಿಳಿಯುವುದು ಲೇಸು: ವೇತನದ ಭರವಸೆ ಎಷ್ಟು ವರ್ಷಕ್ಕೆ? ಮಾರ್ಗದರ್ಶಕರ ಅನುದಾನ ಎಲ್ಲಿಯದು? ಅವರ ಹಿಂದಿನ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ? ವಿಶ್ವವಿದ್ಯಾಲಯಗಳಲ್ಲದೆ ವಿಮಾ ಸಂಸ್ಥೆಗಳು, ವಿದ್ಯುತ್ ಕಂಪನಿಗಳು, ನಗರಾಡಳಿತಗಳು ಈ ಜ್ಞಾನವುಳ್ಳವರನ್ನು ಬಳಸಿಕೊಳ್ಳುತ್ತವೆ ಎಂಬುದೂ ನೆನಪಿರಲಿ.

ನಾವು ಎರಡು ನೆಲಗಳ ಮಳೆಯನ್ನು ಬಲ್ಲ ಜನ. ಆಗುಂಬೆಯಲ್ಲಿ ಮಳೆಗಾಲ ಧಾರಾಕಾರವಾಗಿ ಸುರಿಯುವಾಗ ಘಟ್ಟದ ಆಚೆಯ ಚಳ್ಳಕೆರೆ ಮೋಡಕ್ಕಾಗಿ ಕಾಯುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹೀಗೇಕೆಂದು ಕೇಳುವ ಮಗುವಿಗೆ ಅದನ್ನು ಅರಸುತ್ತ ಹೋಗಲು ನೆರವಾಗುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.